ಒಂದನೇ ಮನೆಯ ಬಾಡಿಗೆ

ತಾಳವಾಡಿ
18-8-2009, ಮಂಗಳವಾರ, ಮಧ್ಯಾಹ್ನ

ಪವಿತ್ರಳ ಅಪ್ಪನವರಿಗೆ,

ಬಂಗಾರಮ್ಮ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಸತ್ಯಮಂಗಲದ ಹಾಸ್ಟೆಲಿನಲ್ಲಿ ನಿಮ್ಮ ಮಗಳು ಚೆನ್ನಾಗಿದ್ದಾಳೆ. ಹಿತ್ತಲಿನ ಕರಿಬೇವೂ ಚಿಗುರಿದೆ. ನೀವು ಹೇಗಿದ್ದೀರಿ ಎಂದು ಆಮೇಲೆ ಕೇಳುತ್ತೇನೆ, ಮೊದಲು ನನ್ನ ಸುದ್ದಿ ಕೇಳಿಸಿಕೊಳ್ಳಿ. ಮನೆಗಳು ತುಂಬಿದವು. ನಾವಿದ್ದ ಒಂದನೇ ಮನೆ ಬಿಟ್ಟು ಎರಡನೇ ಮನೆ, ಮೂರನೇ ಮನೆ, ನಾಲ್ಕನೇ ಮನೆ, ಮೂರೂ ನಿನ್ನೆ ಒಂದೇ ಬೆಳಿಗ್ಗೆ ತುಂಬಿದವು. ಜೂನ್ ತಿಂಗಳಿಂದ ಇಲಿಗಳು ಓಡಾಡುತ್ತಿದ್ದ ಮನೆಗಳಲ್ಲಿ ಈಗ ಕುಕ್ಕರ್ ಕೂಗುತ್ತಿದೆ. ನಾನು ಬರೆಯುತ್ತಿರುವಾಗಲೇ ಮೂರನೇ ಮನೆಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದಾರೆ. ಬೇರೆ ದಿನವಾಗಿದ್ದರೆ ಎದ್ದು ಹೋಗಿ ಜಗಳ ತೆಗೆಯುತ್ತಿದ್ದೆ. ಇವತ್ತು ಹೊಡೆದುಕೊಳ್ಳಲಿ ಎಂದು ಸುಮ್ಮನಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ಗೆಟ್ಟವಾಡಿಯಲ್ಲಿ ನಿಮ್ಮ ಅಣ್ಣನ ಮನೆಗೆ ಫೋನ್ ಮಾಡಿದರೆ ಎತ್ತುವುದು ನಿಮ್ಮ ಅತ್ತಿಗೆ. "ಅವ್ರು ಅಂಗ್ಡೀಲವ್ರೆ ಕಣವ್ವ" ಎನ್ನುತ್ತಾರೆ ಶಿವನಂಜಮ್ಮಕ್ಕ, ನೀವು ಅಲ್ಲಿ ತೆರೆದ ಮೋಟಾರು ರಿಪೇರಿ ಅಂಗಡಿಯ ನೆಪ ಹೇಳಿ. ಅವರ ಹಿಂದೆಯೇ ನೀವು ಕೆಮ್ಮುವುದು ನನಗೆ ಕೇಳುತ್ತಿರುತ್ತದೆ. ಅಷ್ಟು ವರ್ಷ ಪಕ್ಕದಲ್ಲಿ ಮಲಗಿದವಳಿಗೆ ಆ ಕೆಮ್ಮು ಗೊತ್ತಾಗುವುದಿಲ್ಲವೇ? ಅದಕ್ಕೇ ಈ ಕಾಗದ. ಗೆಟ್ಟವಾಡಿ ಬಸ್ಸಿನ ಕಂಡಕ್ಟರ್ ಜವರನ ಕೈಯಲ್ಲಿ ಕೊಡುತ್ತೇನೆ, ನಿಮ್ಮ ಕೈಗೇ ಕೊಡಬೇಕೆಂದು ಹೇಳಿದ್ದೇನೆ.

ನೀವು ಹೋದದ್ದು ಯಾಕೆಂದು ಬಸ್ ಸ್ಟ್ಯಾಂಡಿಗೆಲ್ಲ ಗೊತ್ತು. ನಿಮ್ಮ ಬಾಯಿಂದ ಕೇಳದವಳು ನಾನೊಬ್ಬಳೇ. ಆದ್ದರಿಂದ ಜನರಿಂದ ಕೇಳಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಶಿವರಾತ್ರಿ ಕಳೆದ ವಾರ ನಾನು ತವರಿಗೆ, ತಿಗನಾರೆಗೆ, ಹೋಗಿದ್ದೆ. ಅವತ್ತೇ ಟ್ಯಾಂಕಿನಲ್ಲಿ ನೀರು ನಿಂತಿತು. ಬಾಡಿಗೆಯವರು ಕೊಡ ಹಿಡಿದು ಅಂಗಳದಲ್ಲಿ ನಿಂತಿದ್ದರು. ನೀವು ಮೋಟಾರು ಬಿಚ್ಚಿ ಕೂತಿದ್ದಿರಿ. ಅಷ್ಟು ಹೊತ್ತಿಗೆ ತಾಳವಾಡಿಯಲ್ಲೇ ಇರುವ ನಮ್ಮಣ್ಣ ಬಸವಣ್ಣ ಬಂದ. ಅಪ್ಪ ಈ ಲೈನ್ ಮನೆಗಳನ್ನು ನನ್ನ ಹೆಸರಿಗೆ ಬರೆದುಕೊಟ್ಟು ಎರಡು ವರ್ಷವಾಗಿದ್ದರೂ ಅಣ್ಣನಿಗೆ ಇನ್ನೂ ಇದು ತನ್ನ ಮೇಲ್ವಿಚಾರಣೆ ಎಂಬ ಭಾವನೆ. ಬಂದವನು ಎಲ್ಲರೆದುರಿಗೂ ಅಂದನಂತೆ: "ಬಾಡ್ಗೆ ಕೊಡೋರ್ಗೆ ಮೊದ್ಲು ನೀರ್ ಬುಡು ಭಾವ, ನಿಂದೇನು, ಬಾಡ್ಗೆ ಕೊಡ್ದೆ ಇರೋ ಬಾಡ್ಗೆದಾರ." ಯಾರೋ ನಕ್ಕರಂತೆ. ನೀವು ಮೋಟಾರು ಜೋಡಿಸಿ, ನೀರು ಬರುವುದನ್ನು ನೋಡಿ, ಕೈ ತೊಳೆದು, ಚೀಲ ತೆಗೆದುಕೊಂಡು ಹೊರಟಿರಿ. ನಾಲ್ಕನೇ ಮನೆಯ ಲೈನ್‌ಮನ್ನಿನ ಹೆಂಡತಿಗೆ ಹೇಳಿ ಹೋದಿರಿ: "ನಾನ್ ಬಾಡ್ಗೆ ಕೊಡೋ ಮನೆ ಆದ್ರೆ ಇರ್ತೀನಿ, ಇಲ್ದಿದ್ರೆ ಇಲ್ಲ, ಅಂಗಂತ ಯೋಳಿ ಅವ್ಳಿಗೆ." ಸಂಜೆ ನಾನು ಬಂದಾಗ ಆಕೆ ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು.

ಅಣ್ಣ ಆಡಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಣ್ಣ ಆಡಿದ ಮಾತಿಗೆ ನನ್ನನ್ನು ಬಿಟ್ಟುಹೋಗುವುದು ಯಾವ ಊರಿನ ನ್ಯಾಯ? ನಾನು ಬರುವ ತನಕ ಕಾಯಬಾರದಿತ್ತೇ? ನನ್ನ ಕೋಪ ಇನ್ನೂ ಇಳಿದಿಲ್ಲ ಎಂದು ತಿಳಿದಿರಲಿ. ಸಂತೋಷ ಅದರ ಮೇಲೆ ಕೂತಿದೆ, ಅಷ್ಟೇ.

ಈಗ ಸಂತೋಷದ ಕಥೆಗೆ ಬರುತ್ತೇನೆ.

ಎರಡನೇ ಮನೆಯ ಟೀಚರಮ್ಮನಿಗೂ ಮೂರನೇ ಮನೆಯ ಮೇಷ್ಟ್ರಿಗೂ ಜೂನಿನಲ್ಲಿ ಒಟ್ಟಿಗೆ ಟ್ರಾನ್ಸ್‌ಫರ್ ಆಯಿತು. ಲೈನ್‌ಮನ್ ಸ್ವಂತ ಮನೆ ಕಟ್ಟಿಸಿಕೊಂಡಿದ್ದ. ಆಷಾಢ ಬರುವುದರೊಳಗೆ ಎಲ್ಲರೂ ಗಂಟುಮೂಟೆ ಕಟ್ಟಿದರು. ಒಂದು ವಾರದಲ್ಲಿ ಮೂರು ಬೀಗದ ಕೈ ನನ್ನ ಸೆರಗಿನಲ್ಲಿ. ಖಾಲಿ ಮನೆ ಎಂದರೆ ಏನೆಂದು ಆಗ ಗೊತ್ತಾಯಿತು. ಬಾಡಿಗೆ ನಿಂತರೂ ಪಂಚಾಯಿತಿಗೆ ಕಟ್ಟುವ ಮನೆ ವರಿ ನಿಲ್ಲುವುದಿಲ್ಲ, ಮೀಟರಿನ ಬಾಡಿಗೆ ನಿಲ್ಲುವುದಿಲ್ಲ, ಕೋತಿಗಳು ಹೆಂಚು ಸರಿಸುವುದು ನಿಲ್ಲುವುದಿಲ್ಲ. ಹೋಗುವವರಿಗೆ ಅಡ್ವಾನ್ಸ್ ಬೇರೆ ವಾಪಸು ಕೊಡಬೇಕು. ಅದೊಂದರಲ್ಲಿ ನಾನು ಗೆದ್ದೆ. ಅಡ್ವಾನ್ಸ್ ನಮ್ಮ ಹಣವಲ್ಲ, ನಮ್ಮ ಮನೆಯಲ್ಲಿ ತಂಗಿರುವ ಬೇರೆಯವರ ಹಣ ಎಂದು ಅದನ್ನು ಪೋಸ್ಟಾಫೀಸಿನಲ್ಲಿ ಬೇರೆಯಾಗಿ ಇಟ್ಟಿದ್ದೆ. ನೀವು ಆಗ ನಗಾಡಿದ್ದಿರಿ. ಈಗ ನಗಾಡಿ ನೋಡೋಣ.

ಆಷಾಢದ ನಡುವೆ ಒಂದು ದಿನ ಮುರುಗನ್ ಎಂಬ ಹುಡುಗ ಬಂದ. ಫಾರೆಸ್ಟ್ ಆಫೀಸಿಗೆ ಹೊಸದಾಗಿ ಬಂದ ಗುಮಾಸ್ತ, ಘಾಟಿ ಕೆಳಗಿನ ಗೋಬಿ ಊರಿನ ಕಡೆಯವನು, ಹೊಸದಾಗಿ ಮದುವೆಯಾದವನು. ಮನೆ ನೋಡಿದ, ನಲ್ಲಿ ತಿರುಗಿಸಿದ, ಒಲೆಕಟ್ಟೆಯ ಮೇಲೆ ಕೈಯಾಡಿಸಿದ. ನಾಳೆಯೇ ಸಾಮಾನು ತಂದುಬಿಡಲೇ ಅಕ್ಕಾ ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಕೇಳಿದ. ನಾನು ಎಂಥ ಬುದ್ಧಿವಂತೆ ನೋಡಿ. "ಆಷಾಢದಲ್ ಮನೆ ತುಂಬ್ಸಕಿಲ್ಲ ಕಣಪ್ಪ, ಇದು ಕಳೀಲಿ, ಶ್ರಾವಣದಲ್ಲಿ ಸುಖವಾಗ್ ಬಾ" ಎಂದೆ. ಅವನ ಮುಖ ಸ್ವಲ್ಪ ಇಳಿಯಿತು. ಏನೋ ಹೇಳಲು ಬಾಯಿ ತೆರೆದ. ನಾನು ದೊಡ್ಡವಳು, ಮನೆ ಓನರು, ಎದುರು ಮಾತಾಡುವುದು ಹೇಗೆಂದು ಸುಮ್ಮನಾದ. ಅಡ್ವಾನ್ಸ್ ಕೈಗಿಟ್ಟು ಹೊರಟುಹೋದ.

ಭೀಮನ ಅಮಾವಾಸ್ಯೆ ಬಂತು. ಪಾದಪೂಜೆಗೆ ಪಾದವಿರಲಿಲ್ಲ. ನೀವು ಬಿಟ್ಟುಹೋದ ರಬ್ಬರ್ ಚಪ್ಪಲಿ ಇತ್ತು. ಅದನ್ನು ಪೂಜೆ ಮಾಡುವಷ್ಟು ಭಕ್ತಿ ಬರಲಿಲ್ಲ, ಬ್ರಷ್ ಹಾಕಿ ತೊಳೆದು ಬಿಸಿಲಿಗಿಟ್ಟೆ. ಮಾರನೆಯ ದಿನದಿಂದ ಶ್ರಾವಣ. ನನಗೆ ರೆಕ್ಕೆ ಬಂತು. ಆಳು ಹಿಡಿದು ಮೂರು ಮನೆಗೂ ಸುಣ್ಣ ಹೊಡೆಸಿದೆ. ಒಡೆದ ಹೆಂಚು ಬದಲಾಯಿಸಿದೆ. ನೀವು ಮರೆತುಹೋದ ಸ್ಪ್ಯಾನರಿನಿಂದ ನಲ್ಲಿಗಳ ವಾಷರ್ ನಾನೇ ಹಾಕಿದೆ. ಮೊದಲನೆಯದು ನನ್ನ ಮುಖಕ್ಕೇ ಚಿಮ್ಮಿತು, ಎರಡನೆಯದರಿಂದ ಸರಿಯಾಯಿತು. ಶ್ರಾವಣದ ಮೊದಲ ಸೋಮವಾರ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ರಂಗೋಲಿ ಬಿಟ್ಟು, ಮುರುಗನ್ನಿಗೆ ಹೇಳಿ ಕಳಿಸಿದೆ.

ಬಂದ. ಸಾಮಾನಿಲ್ಲ, ಹೆಂಡತಿಯಿಲ್ಲ, ಒಬ್ಬನೇ ಕೈಮುಗಿದುಕೊಂಡು ಬಂದ. "ಆಡಿಲ ಪಾಲ್ ಕಾಚ್ಚ ಮಾಟ್ಟೋಂ ಅಕ್ಕಾ" ಎಂದ. ಆಡಿ ತಿಂಗಳಲ್ಲಿ ಹೊಸ ಮನೆಯಲ್ಲಿ ಹಾಲು ಕಾಯಿಸುವುದಿಲ್ಲವಂತೆ. ಆಷಾಢ ಮುಗಿದಾಯಿತಲ್ಲಪ್ಪ, ಇನ್ನೆಲ್ಲಿಯ ಆಡಿ ಎಂದೆ. ಆಗ ಅವನು ಮೆಲ್ಲಗೆ ಹೇಳಿದ, ನಮ್ಮ ಆಷಾಢ ಅಮಾವಾಸ್ಯೆಗೆ ಮುಗಿಯುತ್ತದಂತೆ, ಅವರ ಆಡಿ ಅದಕ್ಕೆ ಸ್ವಲ್ಪ ಮುಂಚೆ ಹುಟ್ಟಿ ಆಗಸ್ಟ್ ನಡುವಿನ ತನಕ ಬದುಕಿರುತ್ತದಂತೆ. ಅದಕ್ಕೇ ಪಾಪ, ಆಡಿ ಹುಟ್ಟುವುದರೊಳಗೆ ಬಂದುಬಿಡೋಣವೆಂದು ಅವತ್ತು ಓಡಿ ಬಂದಿದ್ದಾನೆ. ನಾನು ಅವನನ್ನು ಆಷಾಢದಿಂದ ಎಬ್ಬಿಸಿ ನೆಟ್ಟಗೆ ಆಡಿಯೊಳಕ್ಕೆ ಕಳಿಸಿದ್ದೇನೆ. ಈ ತಮಿಳು ಗಡಿಯಲ್ಲೇ ಹುಟ್ಟಿ ಬೆಳೆದವಳು ನಾನು, ತಮಿಳಿನಲ್ಲಿ ಚೌಕಾಸಿ ಮಾಡುತ್ತೇನೆ, ತಮಿಳಿನಲ್ಲಿ ಜಗಳವಾಡುತ್ತೇನೆ. ಅವರ ತಿಂಗಳು ನಮ್ಮ ತಿಂಗಳು ಒಂದೇ ದಿನ ಮುಗಿಯುವುದಿಲ್ಲ ಎಂಬುದು ಬಾಡಿಗೆ ಹೋಗುವ ತನಕ ತಲೆಗೆ ಹತ್ತಲಿಲ್ಲ. ಅಣ್ಣನ ಕಾಲದಲ್ಲಿ ಮನೆಗಳು ಹೀಗೆ ಒಟ್ಟಿಗೆ ಖಾಲಿಯಾಗಿರಲಿಲ್ಲ, ಅದಕ್ಕೇ ಅವನಿಗೂ ಗೊತ್ತಿರಲಾರದು.

ಅಷ್ಟರಲ್ಲಿ ಪುಟ್ಟಸ್ವಾಮಿ ಮೇಷ್ಟ್ರು ಬಂದರು. ನಿಮ್ಮ ಊರಿನವರೇ, ಇಲ್ಲಿನ ಕನ್ನಡ ಸ್ಕೂಲಿಗೆ ಬಂದಿದ್ದಾರೆ. ದಿನಾ ಗೆಟ್ಟವಾಡಿಯಿಂದ ಓಡಾಡಿ ಸಾಕಾಗಿದೆ, ಮನೆ ಬೇಕು ಎಂದರು. ಸದ್ಯ ನಮ್ಮ ಪಂಚಾಂಗದವರು ಸಿಕ್ಕರಲ್ಲ ಎಂದು ನನಗೆ ಖುಷಿ. ನಾಳೆಯೇ ಬನ್ನಿ ಎಂದೆ. ಅವರು ತಲೆ ಕೆರೆದುಕೊಂಡರು. ತಾಯಿ ಗೆಟ್ಟವಾಡಿಯವರು, ಆಷಾಢದಲ್ಲಿ ಬಿಡಲಿಲ್ಲ. ಹೆಂಡತಿ ಭವಾನಿ ಊರಿನ ಕಡೆಯ ತಮಿಳು ಹುಡುಗಿ, ಆಡಿಯಲ್ಲಿ ಬಿಡುವುದಿಲ್ಲ. "ನಮ್ಮನೇಲಿ ಎರಡೂ ನಡೀತದೆ ಅಕ್ಕ, ನಾನ್ ಮಾತ್ರ ನಡ್ಯಕಿಲ್ಲ" ಎಂದರು. ನಾನು ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟೆ. ನೀವು ಹೋದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು.

ಅವರು ಹೋದ ಮೇಲೆ ಗೋಡೆಯಲ್ಲಿದ್ದ ಎರಡು ಕ್ಯಾಲೆಂಡರ್ ಇಳಿಸಿದೆ. ಒಂದು ಚಾಮರಾಜನಗರದಿಂದ ನೀವು ತಂದಿದ್ದು, ಇನ್ನೊಂದು ಸತ್ಯಮಂಗಲದ ಬಟ್ಟೆ ಅಂಗಡಿಯವರು ಕೊಟ್ಟ ತಮಿಳಿನದು. ಎರಡನ್ನೂ ನೆಲದ ಮೇಲೆ ಹಾಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ತಾರೀಖಿನ ಮೇಲೆ ಕಡಲೆಕಾಳು ಇಡುತ್ತಾ ಬಂದೆ. ಆಗಸ್ಟ್ ಹದಿನೇಳಕ್ಕೆ ಬಂದಾಗ ಕೈ ನಿಂತಿತು. ನಮ್ಮದರಲ್ಲಿ ಶ್ರಾವಣದ ಕೊನೆಯ ಸೋಮವಾರ. ಅವರದರಲ್ಲಿ ಆವಣಿಯ ಮೊದಲ ದಿನ. ಎರಡು ಕಡೆಯವರೂ ಬೇಡವೆನ್ನಲಾಗದ ದಿನ. ಆ ಕಾಳನ್ನು ಅಲ್ಲಿಂದ ತೆಗೆಯಲೇ ಇಲ್ಲ, ಅಷ್ಟು ಸಂತೋಷವಾಯಿತು. ಅವತ್ತೇ ಇನ್ನೊಂದು ಪಾಠವನ್ನೂ ಕಲಿತೆ. ಬೇರೆ ಊರಿನ ಮನೆ ಓನರಿಗೆ ವರ್ಷಕ್ಕೆ ಹನ್ನೆರಡು ತಿಂಗಳಿರಬಹುದು, ತಾಳವಾಡಿಯವರು ಹತ್ತು ಎಂದೇ ಲೆಕ್ಕ ಹಾಕಿಕೊಳ್ಳಬೇಕು. ಇನ್ನು ಮೇಲೆ ಪ್ರತಿ ತಿಂಗಳೂ ಒಂದಿಷ್ಟನ್ನು ಖಾಲಿ ತಿಂಗಳಿಗೆಂದು ಬೇರೆ ಡಬ್ಬಿಗೆ ಹಾಕುತ್ತೇನೆ.

ನಾಲ್ಕನೇ ಮನೆಗೆ ಬಂದವಳು ರೇವತಿ. ಇಲ್ಲಿನ ಆಸ್ಪತ್ರೆಯಲ್ಲಿ ನರ್ಸು. ತಿಗನಾರೆಯವಳು ಎಂದಳು, ನನ್ನ ತವರಿನವಳು ಎಂದು ನನಗೆ ಹಿಗ್ಗು. ಊರೆಲ್ಲ ಮನೆ ಹುಡುಕಿ ಸೋತಿದ್ದಳು. ಹೋದ ಕಡೆಯೆಲ್ಲ ತಿಗನಾರೆಯಲ್ಲಿ ಯಾವ ಬೀದಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮನೆ ಖಾಲಿಯಿಲ್ಲ ಎಂದರಂತೆ. ನಿಜ ಹೇಳುತ್ತೇನೆ, ಅದೇ ಪ್ರಶ್ನೆ ನನ್ನ ನಾಲಿಗೆಯ ತುದಿಗೂ ಬಂದಿತ್ತು. ಅಷ್ಟರಲ್ಲಿ ಅವಳೇ, "ನಾನು ರಾಚನ್ ಮಗ್ಳು ಅಕ್ಕ" ಎಂದುಬಿಟ್ಟಳು. ನಮ್ಮಪ್ಪನ ಹೊಲದಲ್ಲಿ ಅಟ್ಟಣೆ ಹತ್ತಿ ಕೂತು ಆನೆ ಹಂದಿ ಕಾಯುತ್ತಿದ್ದನಲ್ಲ, ಆ ರಾಚ. ಅವನು ಕಾದ ರಾಗಿಯನ್ನು ತಿಂದು ನಾನು ಬೆಳೆದದ್ದು. ಬಾಡಿಗೆ ಎಷ್ಟೆಂದು ಹೇಳಿದೆ, ಎಲ್ಲರಿಗೂ ಅಷ್ಟೇ ಎಂದೆ. ಅವಳು ಒಪ್ಪಿಕೊಂಡಳು. ಆದರೂ ಅಂಗಳದ ನಲ್ಲಿಯ ಹತ್ತಿರ ಹೋಗಿ ನಿಂತು, "ಇದ್ರಲ್ ನಾನೂ ನೀರ್ ಇಡ್ಕಬೋದಾ ಅಕ್ಕ?" ಎಂದು ಕೇಳಿದಳು. "ಮೋಟಾರಿನ ಕರೆಂಟ್ ಬಿಲ್ಲು ನಿನ್ ಬಾಡ್ಗೇಲೂ ಸೇರದೆ ಕಣವ್ವ, ನೀನ್ ಇಡೀದೆ ಇನ್ಯಾರ್ ಇಡೀಬೇಕು" ಎಂದೆ. ಅವಳಿಗೆ ಯಾವ ತಿಂಗಳಾದರೂ ಸರಿಯಿತ್ತು. ನಾನೇ ಎರಡು ಪಂಚಾಂಗಕ್ಕೂ ಹೆದರಿ, ಎಲ್ಲರ ಜೊತೆ ಹದಿನೇಳಕ್ಕೇ ಬಾ ಎಂದೆ.

ಎಲ್ಲ ಸರಿಯಾಯಿತು ಎನ್ನುವಾಗ ಶುಕ್ರವಾರ ಮೋಟಾರು ಸುಟ್ಟುಹೋಯಿತು. ತೊಟ್ಟಿಯ ತುಂಬ ಪಂಚಾಯಿತಿ ನೀರಿದೆ, ಮೇಲಿನ ಟ್ಯಾಂಕಿಗೆ ಏರಿಸುವವರಿಲ್ಲ. ಸ್ವಿಚ್ ಹಾಕಿದರೆ ಗುಂಯ್ ಎಂದು ನರಳಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಸೋಮವಾರ ಬೆಳಿಗ್ಗೆ ಮೂರು ಸಂಸಾರ ಬರುತ್ತವೆ. ಬಂದ ಮೊದಲ ದಿನವೇ ನೀರಿಲ್ಲದಿದ್ದರೆ ನನ್ನ ಮಾನ ಎಲ್ಲಿ ಉಳಿಯುತ್ತದೆ? ನೀರಿನಿಂದ ಒಂದು ಸಲ ಈ ಅಂಗಳದಲ್ಲಿ ಆದದ್ದೇ ಸಾಕಾಗಿತ್ತು. ಪುಟ್ಟಸ್ವಾಮಿ ಮೇಷ್ಟ್ರು ಶನಿವಾರ ಊರಿಗೆ ಹೊರಟಿದ್ದರು. ಮೋಟಾರನ್ನು ಗೋಣಿಚೀಲಕ್ಕೆ ಹಾಕಿ ಅವರ ಕೈಗೆ ಕೊಟ್ಟೆ. "ಎಲ್ಗಾರಾ ಕೊಡಿ ಮೇಷ್ಟ್ರೇ, ಬೇಕಾದ್ರೆ ಚಾಮರಾಜನಗರಕ್ಕೇ ತಕಂಡೋಗಿ, ಗೆಟ್ಟವಾಡೀಲಿ ಒಂದ್ ಅಂಗ್ಡಿ ಮಾತ್ರ ಬ್ಯಾಡ" ಎಂದೆ. ಯಾವ ಅಂಗಡಿ ಎಂದು ಅವರು ಕೇಳಲಿಲ್ಲ.

ಭಾನುವಾರ ಸಂಜೆ ಮೋಟಾರು ಬಂತು. ಚಾಮರಾಜನಗರದಲ್ಲಿ ಯಾರೋ ಒಬ್ಬರು ಸುಟ್ಟ ತಂತಿ ತೆಗೆದು ಹೊಸ ಕಾಯಿಲ್ ಕಟ್ಟಿಕೊಟ್ಟರು ಎಂದು ಮೇಷ್ಟ್ರು ಹೆಂಚು ನೋಡುತ್ತಾ ಹೇಳಿದರು. ಕೂಲಿ ಎಷ್ಟು ಎಂದರೆ, ಆಮೇಲೆ ಹೇಳಿ ಕಳಿಸುತ್ತಾರಂತೆ ಎಂದರು. ಆ ಚಾಮರಾಜನಗರದ ಮೇಸ್ತ್ರಿ ಯಾರೋ ಏನೋ, ಕೆಲಸ ಬಲ್ಲವನು. ಒರೆಸಿ, ಬೇರಿಂಗಿಗೆ ಗ್ರೀಸ್ ಹಾಕಿ, ಮೇಲೆ ವಿಭೂತಿ ಇಟ್ಟು ಕಳಿಸಿದ್ದಾನೆ. ಸ್ವಿಚ್ ಹಾಕಿದ ಕೂಡಲೇ ಸದ್ದೇ ಇಲ್ಲದ ಹಾಗೆ ನೀರು ಏರಿತು. ಟ್ಯಾಂಕು ತುಂಬಿ ಚೆಲ್ಲುವ ತನಕ ನಾನು ಅಲ್ಲೇ ನಿಂತಿದ್ದೆ.

ನಿನ್ನೆ ಬೆಳಿಗ್ಗೆ ನೀವು ಇರಬೇಕಿತ್ತು. ಇದನ್ನು ಬರೆಯಬಾರದೆಂದಿದ್ದೆ, ಕೈ ಬರೆದುಬಿಟ್ಟಿತು. ಕೋಳಿ ಕೂಗುವ ಹೊತ್ತಿಗೆ ಮುರುಗನ್ನಿನ ಲಾರಿ ಬಂತು. ಅವನ ಹೆಂಡತಿ ಸಂಗೀತ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು, ಘಾಟಿಯ ಮೇಲಿನ ದಿಂಬಂನಲ್ಲಿ ಟೀ ಕುಡಿದು ಸುಧಾರಿಸಿಕೊಂಡು, ನಿಂಬೆಹಣ್ಣು ಮೂಸುತ್ತಾ ಇಳಿದಳು. ಹಿಂದೆಯೇ ಮೇಷ್ಟ್ರ ಗಾಡಿ. ಅದರ ಹಿಂದೆ ತಲೆಯ ಮೇಲೆ ಟ್ರಂಕು ಹೊತ್ತ ರಾಚ, ಮಗಳು ರೇವತಿಯ ಕೈಯಲ್ಲಿ ಹಾಲಿನ ಪಾತ್ರೆ. ಮೂರು ಮನೆಯಲ್ಲೂ ಒಂದೇ ಹೊತ್ತಿಗೆ ಒಲೆ ಹತ್ತಿತು. ಮೇಷ್ಟ್ರ ತಾಯಿ ಕನ್ನಡದಲ್ಲಿ ಇನ್ನೂ ಉಕ್ಕಿಲ್ಲ ಎನ್ನುತ್ತಾರೆ, ಸೊಸೆ ತಮಿಳಿನಲ್ಲಿ ಉಕ್ಕಿತು ಎನ್ನುತ್ತಾಳೆ. ನಾನು ಆ ಬಾಗಿಲಿನಿಂದ ಈ ಬಾಗಿಲಿಗೆ ಓಡಾಡಿದ್ದೇ ಓಡಾಡಿದ್ದು. ಮೂರು ಪಾತ್ರೆಯೂ ಚೆನ್ನಾಗಿ ಉಕ್ಕಿತು. ನಲ್ಲಿಯಲ್ಲಿ ಒಂದು ಸಲವೂ ನೀರು ನಿಲ್ಲಲಿಲ್ಲ.

ಆಗ ಬಸವಣ್ಣ ಬಂದ. ಅಂಗಳದ ನಡುವೆ ನಿಂತು ಎಲ್ಲ ಬಾಗಿಲನ್ನೂ ನೋಡಿದ. ನಾಲ್ಕನೇ ಮನೆಯ ಜಗಲಿಯ ಮೇಲೆ ರಾಚ ಕೂತಿದ್ದ. ಅಣ್ಣನನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಂತ. "ಏನ್ ಬಂಗಾರಿ, ಅಪ್ಪನ್ ಒಲ್ದಲ್ ಕೂಲಿ ಮಾಡ್ದೋನ್ನ ತಂದು ಅಪ್ಪನ್ ಮನೇಲ್ ಮಡ್ಗಿದ್ದೀಯಲ್ಲ" ಎಂದ ಅಣ್ಣ. "ಗಂಡ ಇಲ್ದಿದ್ರೆ ಇಂಗೇ ಆಗದು, ಕೇಳೋರಿಲ್ಲ ಯೋಳೋರಿಲ್ಲ." ಅದೇ ಅಂಗಳ, ಅದೇ ಅಣ್ಣ, ಹಾಗೆಯೇ ನಿಂತು ನೋಡುವ ಜನ. ಆದರೆ ಈ ಸಲ ನಾನು ತಿಗನಾರೆಯಲ್ಲಿ ಇರಲಿಲ್ಲ, ಇಲ್ಲೇ ಇದ್ದೆ.

"ಕೂತ್ಕೊ ರಾಚ, ಅದು ನಿನ್ ಮಗ್ಳು ಬಾಡ್ಗೆ ಕೊಟ್ಟಿರೋ ಜಗ್ಲಿ" ಎಂದೆ ಮೊದಲು. ಆಮೇಲೆ ಅಣ್ಣನ ಕಡೆ ತಿರುಗಿದೆ. "ಅಣ್ಣ, ಅಪ್ಪ ಮನೆ ಬರ್ದದ್ದು ನನ್ ಎಸ್ರಿಗೆ. ವರಿ ಕಟ್ಟದು ನಾನು, ಎಂಚು ಒದ್ಸದು ನಾನು, ಯಾರ್ಗ್ ಕೊಡ್ಬೇಕು ಅನ್ನದೂ ನಾನೇ. ನನ್ ಗಂಡನ್ ಮಾತು ಈ ಅಂಗ್ಳದಲ್ ಇನ್ನೊಂದ್ ಸಲ ಎತ್ತಬ್ಯಾಡ. ಮೂರ್ ಮನೆ ಆಲೂ ಅದೆ, ಯಾವ್ದ್ ಬೇಕೋ ಕುಡಿ" ಎಂದೆ. ಅಣ್ಣ ಯಾವ ಹಾಲನ್ನೂ ಕುಡಿಯದೆ ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದ. ಸಂಗೀತಳಿಗೆ ಕನ್ನಡ ಬರುವುದಿಲ್ಲ, ಆದರೂ ಒಳಗಿನಿಂದ ಓಡಿ ಬಂದು ನನ್ನ ಕೈಗೆ ಒಂದು ಲೋಟ ಹಾಲು ಕೊಟ್ಟಳು. ರಾಚ ಮತ್ತೆ ಕೂತ, ಜಗಲಿಯ ತುದಿಯಲ್ಲಾದರೂ ಕೂತ.

ಇವತ್ತು ಬೆಳಿಗ್ಗೆ ಪಂಚಾಯಿತಿ ಆಫೀಸಿಗೆ ಹೋಗಿ ಮನೆ ವರಿ ಕಟ್ಟಿ ಬಂದೆ. ಇಷ್ಟು ದಿನ ರಸೀದಿ ಅಪ್ಪನ ಹೆಸರಿನಲ್ಲೇ ಬರುತ್ತಿತ್ತು. ಈ ಸಲ ಮಾದಯ್ಯ ಎಂದಿದ್ದ ಕಡೆ ತಮಿಳಿನಲ್ಲಿ ಬಂಗಾರಮ್ಮ ಎಂದು ಬರೆದಿದೆ. ಬಸ್ ಸ್ಟ್ಯಾಂಡಿನ ತನಕ ಕೈಯಲ್ಲಿ ಹಿಡಿದುಕೊಂಡೇ ಬಂದೆ. ತೋರಿಸಲು ಯಾರೂ ಇಲ್ಲ ಎಂಬುದು ಬಾಗಿಲ ಬೀಗ ತೆಗೆಯುವಾಗ ನೆನಪಾಯಿತು.

ಅದಕ್ಕೇ ಈಗ ವ್ಯವಹಾರಕ್ಕೆ ಬರುತ್ತೇನೆ, ಗಮನವಿಟ್ಟು ಓದಿ. ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದಿನ ಲೈನಿನಲ್ಲಿ ಒಂದನೇ ಮನೆಯನ್ನು ಬಾಡಿಗೆಗೆ ಕೊಡುವುದೆಂದು ಓನರು ತೀರ್ಮಾನಿಸಿದ್ದಾರೆ. ಮನೆ ಪೂರ್ತಿ ಖಾಲಿಯಿಲ್ಲ, ಒಬ್ಬ ಹೆಂಗಸು ಒಳಗಿದ್ದಾಳೆ. ಬಾಯಿ ಸ್ವಲ್ಪ ಜೋರು, ಅಡಿಗೆ ಪರವಾಗಿಲ್ಲ. ಅವಳನ್ನು ಎಬ್ಬಿಸುವ ಹಾಗಿಲ್ಲ, ಅವಳ ಸಮೇತ ತೆಗೆದುಕೊಳ್ಳಬೇಕು. ಬಾಡಿಗೆ ಉಳಿದ ಮೂರು ಮನೆಗೆ ಎಷ್ಟೋ ಅಷ್ಟೇ, ಒಂದು ರೂಪಾಯಿ ಕಡಿಮೆಯಿಲ್ಲ, ತಿಂಗಳ ಐದನೇ ತಾರೀಖಿನೊಳಗೆ ಓನರಮ್ಮನ ಕೈಗೆ ಕೊಟ್ಟು ರಸೀದಿ ತೆಗೆದುಕೊಳ್ಳಬೇಕು. ಬೀಡಿ ಸೇದುವುದಾದರೆ ಹಿತ್ತಲಿನಲ್ಲಿ. ಮನೆ ಬಿಡುವುದಾದರೆ ಒಂದು ತಿಂಗಳು ಮುಂಚೆ ತಿಳಿಸಬೇಕು, ಕಳೆದ ಸಲ ತಿಳಿಸಲಿಲ್ಲ. ಬಸ್ ಸ್ಟ್ಯಾಂಡಿನ ನಿಮ್ಮ ಹಳೆಯ ಅಂಗಡಿ ಇನ್ನೂ ಬೀಗ ಹಾಕಿಯೇ ಇದೆ, ವಿಚಾರಿಸಿದ್ದೇನೆ.

ಬಾಡಿಗೆ ಕೊಡುವ ಮನೆಯಾದರೆ ಇರುತ್ತೇನೆ ಎಂದಿರಿ ನೀವು. ಆರು ತಿಂಗಳು ಅದನ್ನು ಕೋಪದ ಮಾತು ಎಂದುಕೊಂಡಿದ್ದೆ. ಮೂರು ಮನೆಗೆ ಬಾಡಿಗೆದಾರರನ್ನು ಹುಡುಕಿ ಅಲೆದ ಮೇಲೆ ಅರ್ಥವಾಯಿತು, ಅದು ಮನೆ ಕೇಳಿಕೊಂಡು ಬಂದವರು ಆಡುವ ಮಾತು. ಬಾಡಿಗೆ ಕೊಡುವವನು ಬಾಗಿಲಲ್ಲಿ ತಲೆಯೆತ್ತಿ ನಿಲ್ಲುತ್ತಾನೆ. ಮುರುಗನ್ ನಿಲ್ಲುತ್ತಾನೆ, ರೇವತಿ ನಿಲ್ಲುತ್ತಾಳೆ. ನೀವೂ ನಿಲ್ಲಬೇಕೆಂದು ನನ್ನ ಆಸೆ. ನೀವಿಲ್ಲದೆ ಈ ಮನೆ ನನಗೆ ಆಗುವುದಿಲ್ಲ ಎಂದು ಬರೆಯಲು ನಾಚಿಕೆಯೇನೂ ಇಲ್ಲ.

ನಾಡಿದ್ದು ಗುರುವಾರ ಅಮಾವಾಸ್ಯೆ, ಶನಿವಾರ ಗೌರಿ ಹಬ್ಬ. ಹಬ್ಬಕ್ಕೆ ಪವಿತ್ರ ಬರುತ್ತಾಳೆ, ಅವಳಿಗೆ ಈ ಕಾಗದದ ವಿಚಾರ ಗೊತ್ತಿಲ್ಲ. ಅಷ್ಟರೊಳಗೆ ಬಂದರೆ ಎರಡು ಪಂಚಾಂಗದಲ್ಲೂ ತಕರಾರಿಲ್ಲ, ಎರಡು ಕಡೆಯವರನ್ನೂ ಕೇಳಿದ್ದೇನೆ. ಹಾಲು ತರುವುದು ಬಾಡಿಗೆದಾರರ ಪದ್ಧತಿ. ಮರೆಯಬೇಡಿ.

ಇತಿ,
ಬಂಗಾರಮ್ಮ
ಮನೆ ಓನರು

ಮರೆತಿದ್ದು: ಮೇಷ್ಟ್ರನ್ನು ಬೈಯಬೇಡಿ, ಅವರು ಬಾಯಿ ಬಿಟ್ಟಿಲ್ಲ. ಮೋಟಾರಿನ ಮೇಲಿನ ವಿಭೂತಿಯಲ್ಲಿ ಎರಡು ಗೆರೆ ಉದ್ದಕ್ಕಿವೆ, ಮೂರನೆಯದು ಅರ್ಧಕ್ಕೇ ನಿಂತಿದೆ. ನಿಮ್ಮ ಹಾಗೆ ಬೆಲ್ಟಿಗೆ ಸಿಕ್ಕಿ ಉಂಗುರದ ಬೆರಳು ಮೊಂಡಾದ ಮೇಸ್ತ್ರಿ ಚಾಮರಾಜನಗರದಲ್ಲಿ ಯಾರಿದ್ದಾರೆ? ಭಾನುವಾರ ಸಂಜೆಯೇ ಗೊತ್ತಾಯಿತು, ಅದಕ್ಕೇ ಟ್ಯಾಂಕು ಚೆಲ್ಲುವ ತನಕ ಅಲ್ಲಿಂದ ಕದಲಲಿಲ್ಲ. ಆ ಗೆರೆಗಳನ್ನು ಇನ್ನೂ ಒರೆಸಿಲ್ಲ. ಕಾಯಿಲ್ ಕಟ್ಟುವ ಕೂಲಿ ಎಷ್ಟೆಂದು ಬೇರೆ ಅಂಗಡಿಯಲ್ಲಿ ವಿಚಾರಿಸಿದೆ, ಸರಿಯಾಗಿ ಒಂದು ತಿಂಗಳ ಬಾಡಿಗೆಯಾಗುತ್ತದೆ. ಆದ್ದರಿಂದ ಒಂದನೇ ಮನೆಯ ಆಗಸ್ಟ್ ತಿಂಗಳ ಬಾಡಿಗೆ ನಂಜುಂಡಸ್ವಾಮಿ ಅವರಿಂದ ಪೂರ್ತಿ ಬಂದಿದೆ ಎಂದು, ನಿಮ್ಮ ಹೆಸರನ್ನು ನನ್ನ ಕೈಯಿಂದಲೇ ಮೊದಲ ಸಲ ಬರೆದು ರಸೀದಿ ಮಾಡಿದ್ದೇನೆ. ಒಂದು ಇದರೊಳಗೆ ಮಡಿಸಿಟ್ಟಿದೆ. ಅದರ ಜೋಡಿ ಪ್ರತಿಯನ್ನು ಪಂಚಾಯಿತಿಯಿಂದ ಬರುವಾಗ ಅಣ್ಣನ ಮನೆಗೆ ಹೋಗಿ, ಅವನ ಕೈಗೇ ಕೊಟ್ಟು, ಓದುವ ತನಕ ಎದುರಿಗೇ ನಿಂತು ಬಂದೆ.